ಥಿಯೊಡರ್ ಗೈಸೆಲ್: ದಿನಪತ್ರಿಕೆಯ ವ್ಯಂಗ್ಯಚಿತ್ರದಿಂದ ಸೇನೆಯ ಅನಿಮೇಷನ್‌ವರೆಗೆ

ಹಳೆಯ ಪತ್ರಿಕೆಗಳ ಓದುಗ

ಡಾ. ಸೂಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಥಿಯೊಡರ್ ಗೈಸೆಲ್ ಅವರನ್ನು ನಮ್ಮಲ್ಲಿ ಹೆಚ್ಚಿನವರು ಮಕ್ಕಳ ಪುಸ್ತಕಗಳ ಮೂಲಕವೇ ಬಲ್ಲೆವು. ಆದರೆ 1941ರ ಜನವರಿಯಿಂದ 1946ರ ಜನವರಿಯವರೆಗೆ ಅವರು ಮಾಡಿದ ಕೆಲಸವೇ ಬೇರೆ. ಮೊದಲ ಎರಡು ವರ್ಷ ಅವರು ನ್ಯೂಯಾರ್ಕಿನ ‘ಪಿಎಂ’ ಎಂಬ ದಿನಪತ್ರಿಕೆಗೆ ರಾಜಕೀಯ ವ್ಯಂಗ್ಯಚಿತ್ರ ಬರೆದರು. ನಂತರದ ಮೂರು ವರ್ಷ ಸೇನೆಯ ಸಮವಸ್ತ್ರ ತೊಟ್ಟು ಸೈನಿಕರಿಗಾಗಿ ಅನಿಮೇಷನ್ ಮತ್ತು ತರಬೇತಿ ಚಿತ್ರಗಳನ್ನು ರಚಿಸಿದರು. ಇದನ್ನು ಅವರ ಜೀವನದ ಒಂದು ಸಣ್ಣ ತಿರುವು ಎಂಬಂತೆ ದಾಟಿಹೋಗುವುದು ರೂಢಿಯಾಗಿದೆ. ನನ್ನ ಅಭಿಪ್ರಾಯ ಬೇರೆ. ಅವರ ಕಸುಬಿನ ಬಿಗಿ ಬಂದದ್ದು ಈ ಐದು ವರ್ಷಗಳಲ್ಲಿ, ಅವರ ಕೈಯಿಂದಾದ ಅತಿ ದೊಡ್ಡ ಅನ್ಯಾಯ ನಡೆದದ್ದೂ ಇದೇ ಐದು ವರ್ಷಗಳಲ್ಲಿ. ಇವೆರಡನ್ನೂ ಒಟ್ಟಿಗೆ ಇಟ್ಟು ಓದದಿದ್ದರೆ ಅವರನ್ನು ಓದಿದಂತಾಗುವುದಿಲ್ಲ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗೈಸೆಲ್ ಹುಟ್ಟಿದ್ದು 1904ರಲ್ಲಿ, ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಜರ್ಮನ್ ಮೂಲದ ಕುಟುಂಬದಲ್ಲಿ. ಮನೆತನದ ಉದ್ಯಮ ಬಿಯರ್ ತಯಾರಿಕೆ. ಪಾನನಿಷೇಧ ಬಂದಾಗ ಅದು ಮುಚ್ಚಿಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮನೆಯ ಹುಡುಗ ಎಂಬ ಕಾರಣಕ್ಕೆ ಅವರು ಬೀದಿಯಲ್ಲಿ ಹೀಯಾಳಿಕೆ ಅನುಭವಿಸಿದ್ದರು. ಡಾರ್ಟ್‌ಮತ್ ಕಾಲೇಜಿನಲ್ಲಿ ಹಾಸ್ಯಪತ್ರಿಕೆ, ಆಮೇಲೆ ಕೆಲವು ಕಾಲ ಆಕ್ಸ್‌ಫರ್ಡ್, ಅಲ್ಲಿಂದ ಮರಳಿದ ಮೇಲೆ ‘ಫ್ಲಿಟ್’ ಎಂಬ ಕೀಟನಾಶಕದ ಜಾಹೀರಾತು ಚಿತ್ರಗಳು: ಇದು 1941ರವರೆಗಿನ ದಾರಿ. ಮೊದಲ ಮಕ್ಕಳ ಪುಸ್ತಕ 1937ರಲ್ಲೇ ಬಂದಿತ್ತು, ಆದರೆ ಹೊಟ್ಟೆ ಹೊರೆಯುತ್ತಿದ್ದುದು ಜಾಹೀರಾತು.

‘ಪಿಎಂ’ ಪತ್ರಿಕೆಯನ್ನು ರಾಲ್ಫ್ ಇಂಗರ್ಸಾಲ್ 1940ರಲ್ಲಿ ಆರಂಭಿಸಿದ್ದರು. ಅದು ಜಾಹೀರಾತು ತೆಗೆದುಕೊಳ್ಳದ, ಎಡಪಂಥೀಯ ಒಲವಿನ, ಹಿಟ್ಲರನ ವಿರುದ್ಧ ಅಮೆರಿಕ ಯುದ್ಧಕ್ಕೆ ಇಳಿಯಲೇಬೇಕೆಂದು ಒತ್ತಾಯಿಸುತ್ತಿದ್ದ ಪತ್ರಿಕೆ. ಗೈಸೆಲ್ ಎರಡು ವರ್ಷಗಳಲ್ಲಿ ಇದಕ್ಕೆ 400ಕ್ಕೂ ಹೆಚ್ಚು ವ್ಯಂಗ್ಯಚಿತ್ರ ಬರೆದರು. ಅಂದರೆ ವಾರಕ್ಕೆ ಸುಮಾರು ನಾಲ್ಕು. 1941ರ ಅಕ್ಟೋಬರ್ 1ರ ಚಿತ್ರವನ್ನು ನೋಡಿ. ಅಮೆರಿಕ ಯುದ್ಧಕ್ಕೆ ಇಳಿಯಬಾರದೆನ್ನುತ್ತಿದ್ದ ‘ಅಮೆರಿಕವೇ ಮೊದಲು’ ಎಂಬ ಸಂಘಟನೆಯ ಹೆಸರು ಎದೆಯ ಮೇಲಿರುವ ತಾಯಿಯೊಬ್ಬಳು ಇಬ್ಬರು ಮಕ್ಕಳಿಗೆ ‘ಅಡಾಲ್ಫ್ ಎಂಬ ತೋಳ’ದ ಕಥೆ ಓದಿ ಹೇಳುತ್ತಿದ್ದಾಳೆ. ತೋಳವು ಮಕ್ಕಳನ್ನು ಅಗಿದು ಎಲುಬು ಉಗುಳಿತು, ಆದರೆ ಅವರು ಪರದೇಶದ ಮಕ್ಕಳಾದ್ದರಿಂದ ಏನೂ ಚಿಂತೆಯಿಲ್ಲ ಎಂಬುದು ಅಡಿಬರಹದ ಸಾರ. ಕೇಳುತ್ತಿರುವ ಮಕ್ಕಳ ಮುಖದಲ್ಲಿ ಭಯವಿದೆ, ತಾಯಿಯ ಮುಖದಲ್ಲಿ ಸಮಾಧಾನವಿದೆ. ಯುರೋಪಿನ ಯಹೂದಿಗಳ ಬಗ್ಗೆ ಅಮೆರಿಕ ತೋರಿಸುತ್ತಿದ್ದ ಉದಾಸೀನತೆಯನ್ನು ಇಷ್ಟು ನೇರವಾಗಿ ಚುಚ್ಚಿದ ಚಿತ್ರಗಳು ಆ ಕಾಲದಲ್ಲಿ ಹೆಚ್ಚಿರಲಿಲ್ಲ.

1943ರ ಜನವರಿಯಲ್ಲಿ, 38ರ ವಯಸ್ಸಿನಲ್ಲಿ, ಅವರು ಕ್ಯಾಪ್ಟನ್ ದರ್ಜೆಯಲ್ಲಿ ಸೇನೆ ಸೇರಿ ಹಾಲಿವುಡ್ಡಿನಲ್ಲಿದ್ದ, ಚಿತ್ರನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಸೇನಾ ಚಿತ್ರ ವಿಭಾಗಕ್ಕೆ ನಿಯುಕ್ತರಾದರು. ‘ಪ್ರೈವೇಟ್ ಸ್ನಾಫು’ ಎಂಬ ಪೆದ್ದ ಸಿಪಾಯಿಯ ಕಿರುಚಿತ್ರಗಳು ಹುಟ್ಟಿದ್ದು ಅಲ್ಲಿ. ಪತ್ರಿಕೆಯ ಚೌಕಟ್ಟು ಮತ್ತು ಚಲಿಸುವ ಚಿತ್ರ ಇವೆರಡರ ನಡುವಿನ ಈ ದಾಟುವಿಕೆಯ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಅನಿಮೇಷನ್ ಪಾಠದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ, ಸರ್. ನಾನು ಸ್ನಾಫು ಚಿತ್ರಗಳನ್ನು ತರಗತಿಯಲ್ಲಿ ತೋರಿಸುತ್ತೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸೇನೆಗೆ ಇದ್ದ ಸಮಸ್ಯೆ ಸರಳವಾದದ್ದು. ಲಕ್ಷಾಂತರ ಯುವಕರು ಹಳ್ಳಿ ಪಟ್ಟಣಗಳಿಂದ ಬಂದು ಸೇರಿದ್ದರು. ಅವರಲ್ಲಿ ಅನೇಕರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ, ಓದು ಬಂದವರೂ ಕೈಪಿಡಿಗಳನ್ನು ತೆರೆಯುತ್ತಿರಲಿಲ್ಲ. ಗುಟ್ಟು ಬಾಯಿಬಿಡಬೇಡಿ, ಬಂದೂಕು ಒರೆಸಿಡಿ, ಸೊಳ್ಳೆಪರದೆ ಕಟ್ಟಿಕೊಳ್ಳಿ ಎಂದು ಮೇಲಧಿಕಾರಿ ಹೇಳಿದರೆ ಅದು ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಆದ್ದರಿಂದ ಎಲ್ಲವನ್ನೂ ತಪ್ಪಾಗಿಯೇ ಮಾಡುವ ಒಬ್ಬ ಸಿಪಾಯಿಯನ್ನು ಸೃಷ್ಟಿಸಿ, ಅವನು ಪ್ರತಿ ಸಲ ಕೆಡುವುದನ್ನು ಸೈನಿಕರು ನಕ್ಕು ನೋಡುವಂತೆ ಮಾಡಲಾಯಿತು. ಸ್ನಾಫು ಒಂದು ಚಿತ್ರದಲ್ಲಿ ಸಿಡಿದು ಸಾಯುತ್ತಾನೆ, ಇನ್ನೊಂದರಲ್ಲಿ ಸೆರೆಸಿಗುತ್ತಾನೆ, ಮುಂದಿನದರಲ್ಲಿ ಮತ್ತೆ ಹಾಜರಾಗಿರುತ್ತಾನೆ. ಅವನ ಹೆಸರೇ ಸೇನೆಯ ಅವ್ಯವಸ್ಥೆಯ ಬಗ್ಗೆ ಸೈನಿಕರು ಬಳಸುತ್ತಿದ್ದ ಒಂದು ಒರಟು ಮಾತಿನ ಸಂಕ್ಷೇಪ.

ಚಿತ್ರಗಳನ್ನು ತಯಾರಿಸಿದ್ದು ವಾರ್ನರ್ ಬ್ರದರ್ಸ್‌ನ ಅನಿಮೇಷನ್ ಘಟಕ. ಡಿಸ್ನಿ ಸಂಸ್ಥೆಯೂ ಸ್ಪರ್ಧೆಯಲ್ಲಿತ್ತು, ಆದರೆ ವಾರ್ನರ್ ಅದಕ್ಕಿಂತ ಕಡಿಮೆ ದರಕ್ಕೆ ಒಪ್ಪಿಕೊಂಡಿತು. ಚಕ್ ಜೋನ್ಸ್, ಫ್ರಿಜ್ ಫ್ರೀಲೆಂಗ್, ಫ್ರಾಂಕ್ ಟ್ಯಾಶ್ಲಿನ್, ಬಾಬ್ ಕ್ಲಾಂಪೆಟ್ ನಿರ್ದೇಶಿಸಿದರು. ಬಗ್ಸ್ ಬನ್ನಿಯ ಕಂಠವಾದ ಮೆಲ್ ಬ್ಲಾಂಕ್ ಅವರೇ ಸ್ನಾಫುವಿನ ಕಂಠವೂ ಆದರು. ಬರಹಗಾರರ ತಂಡದಲ್ಲಿ ಗೈಸೆಲ್ ಜೊತೆ ಫಿಲ್ ಈಸ್ಟ್‌ಮನ್ ಮತ್ತು ಮನ್ರೋ ಲೀಫ್ ಇದ್ದರು. 1943ರಿಂದ 1945ರವರೆಗೆ ಸೈನಿಕರಿಗಾಗಿಯೇ ಇದ್ದ ಚಿತ್ರಸಂಚಿಕೆಯ ಭಾಗವಾಗಿ ಇವು ತೆರೆಕಂಡವು. ಚಿತ್ರಮಂದಿರಗಳಿಗೆ ಹೋಗದ ಕಾರಣ ಹಾಲಿವುಡ್ಡಿನ ನೀತಿಸಂಹಿತೆಯೂ ಇವಕ್ಕೆ ಅನ್ವಯಿಸಲಿಲ್ಲ. ಸಿಪಾಯಿಗಳ ಮಾತಿನ ಒರಟುತನ, ಹೆಂಗಸರ ಬಗೆಗಿನ ಪೋಲಿತನ ಎಲ್ಲವೂ ಹಾಗೆಯೇ ಉಳಿದಿವೆ. ತರಗತಿಯಲ್ಲಿ ತೋರಿಸುವಾಗ ನಾನು ಆಯ್ದು ತೋರಿಸಬೇಕಾಗುತ್ತದೆ.

ಗೂಢಚಾರರ ಕುರಿತ 1943ರ ಚಿತ್ರವೇ ನನ್ನ ಪಾಲಿಗೆ ಅತ್ಯುತ್ತಮವಾದದ್ದು. ಸ್ನಾಫುವಿಗೆ ಒಂದು ಸೇನಾ ರಹಸ್ಯ ತಿಳಿದಿದೆ. ಅದನ್ನು ತಲೆಯೊಳಗೆ ಸರಪಳಿ ಹಾಕಿ ಬೀಗ ಜಡಿದಿರುವುದನ್ನು ನಾವೇ ಕಾಣುತ್ತೇವೆ. ಅವನು ರಹಸ್ಯವನ್ನು ಯಾರಿಗೂ ಪೂರ್ತಿ ಹೇಳುವುದಿಲ್ಲ. ಇಲ್ಲೊಂದು ತುಣುಕು, ಅಲ್ಲೊಂದು ತುಣುಕು ಉದುರಿಸುತ್ತ ಹೋಗುತ್ತಾನೆ, ಎಲ್ಲೆಡೆ ಅಡಗಿರುವ ಕಿವಿಗಳು ಅವನ್ನು ಜೋಡಿಸಿಕೊಳ್ಳುತ್ತವೆ. ಕುಡಿದ ಮೇಲೆ ಬೀಗ ಕಳಚಿಬೀಳುತ್ತದೆ. ಕೊನೆಗೆ ಅವನ ಹಡಗಿಗೆ ಶತ್ರುವಿನ ಜಲಾಂತರ್ಗಾಮಿಗಳು ಹೊಂಚುಹಾಕುತ್ತವೆ, ಅವನು ನರಕದ ಕೊಪ್ಪರಿಗೆಯಲ್ಲಿ ಕಣ್ಣುಬಿಡುತ್ತಾನೆ. ಇಷ್ಟೂ ಕಥೆ ನಾಲ್ಕು ನಿಮಿಷದೊಳಗೆ, ಪ್ರಾಸಬದ್ಧ ಸಾಲುಗಳಲ್ಲಿ ಸಾಗುತ್ತದೆ. ಒಂದೇ ಒಂದು ಸಾಲು ಕೂಡ ಕಥೆಯನ್ನು ಮುಂದಕ್ಕೊಯ್ಯದೆ ನಿಲ್ಲುವುದಿಲ್ಲ.

ಈ ಬಿಗಿಯನ್ನು ಅವರಿಗೆ ಕಲಿಸಿದವರು ಕಾಪ್ರಾ. ಗೈಸೆಲ್ ಬರೆದು ತಂದ ಚಿತ್ರಕಥೆಯಲ್ಲಿ ಕಥೆಯನ್ನು ಮುಂದಕ್ಕೊಯ್ಯುವ ಸಾಲುಗಳಿಗೆ ಮಾತ್ರ ಕಾಪ್ರಾ ನೀಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರಂತೆ. ಗೆರೆ ಬೀಳದ ಸಾಲುಗಳೇ ಹೆಚ್ಚಿರುತ್ತಿದ್ದವು. ಯುದ್ಧಪೂರ್ವದ ಗೈಸೆಲ್ ಅವರದ್ದು ಒಂದು ತಮಾಷೆಯ ಮೇಲೊಂದು ತಮಾಷೆ ಪೇರಿಸುವ ಬರವಣಿಗೆ. 1957ರಲ್ಲಿ ಅವರು 236 ಬೇರೆ ಬೇರೆ ಪದಗಳಷ್ಟನ್ನೇ ಬಳಸಿ ‘ದ ಕ್ಯಾಟ್ ಇನ್ ದ ಹ್ಯಾಟ್’ ಎಂಬ ಬೆಕ್ಕಿನ ಕಥೆ ಬರೆದರು, 1960ರಲ್ಲಿ 50 ಪದಗಳಲ್ಲೇ ಇನ್ನೊಂದು ಪುಸ್ತಕ ಮುಗಿಸಿದರು. ಓದು ಬಾರದ ಸಿಪಾಯಿಗೆ ಬರೆದ ಕೈಯೇ ಓದು ಕಲಿಯುವ ಮಗುವಿಗೂ ಬರೆಯಿತು.

ಇನ್ನೊಂದು ಕುತೂಹಲದ ಎಳೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯನ್ನು ‘ಆನ್’ ಎಂಬ ಹೆಣ್ಣಾಗಿ ಚಿತ್ರಿಸಿ 1943ರಲ್ಲಿ ಗೈಸೆಲ್ ಮತ್ತು ಲೀಫ್ ಸೈನಿಕರಿಗಾಗಿ ಒಂದು ಕಿರುಹೊತ್ತಿಗೆ ಮಾಡಿದರು. ಫ್ಲಿಟ್ ಜಾಹೀರಾತಿಗಾಗಿ ವರ್ಷಗಟ್ಟಲೆ ಸೊಳ್ಳೆ ಬರೆದ ಕೈಗೆ ಇದಕ್ಕಿಂತ ತಕ್ಕ ಕೆಲಸ ಇನ್ನಾವುದಿತ್ತು!

ಸಾನ್ ಹೋಸೆ ಕನ್ನಡಿಗ

ಮೇಷ್ಟ್ರ ಬರಹ ತುಂಬ ಉಪಯುಕ್ತವಾಗಿದೆ. ಆದರೆ ಮೊದಲ ಬರಹದಲ್ಲಿ ‘ಅನ್ಯಾಯ’ ಎಂಬ ಪದ ಬಂದುಹೋಗಿದೆ, ಅದೇನೆಂದು ಇನ್ನೂ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ.

1942ರ ಫೆಬ್ರವರಿ 13ರ ‘ಪಿಎಂ’ ಸಂಚಿಕೆಯ ಚಿತ್ರದಲ್ಲಿ ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾ ಎಂಬ ಮೂರು ರಾಜ್ಯಗಳ ಕರಾವಳಿಯುದ್ದಕ್ಕೂ ಜಪಾನೀ ಮೂಲದ ಅಮೆರಿಕನ್ನರ ಸಾಲು ಬರುತ್ತಿದೆ. ಅದು ದೃಷ್ಟಿ ಹೋಗುವಷ್ಟು ದೂರ ಹಬ್ಬಿದೆ. ಎಲ್ಲರದ್ದೂ ಒಂದೇ ಮುಖ, ಒಂದೇ ಕನ್ನಡಕ, ಒಂದೇ ನಗೆ. ಅವರು ಒಂದು ಗೂಡಂಗಡಿಯ ಮುಂದೆ ಬಂದು ತಲಾ ಒಂದು ಸ್ಫೋಟಕದ ಪೊಟ್ಟಣ ಪಡೆದುಕೊಳ್ಳುತ್ತಿದ್ದಾರೆ. ಅಂಗಡಿಯ ಮಾಡಿನ ಮೇಲೆ ಒಬ್ಬ ದುರ್ಬೀನು ಹಿಡಿದು ಸಮುದ್ರದಾಚೆಗೆ ನೋಡುತ್ತಿದ್ದಾನೆ. ತವರಿನಿಂದ ಬರುವ ಸಂಜ್ಞೆಗಾಗಿ ಕಾಯುತ್ತಿದ್ದಾರೆ ಎಂಬುದು ಅಡಿಬರಹ. ಇದಾದ ಆರು ದಿನಕ್ಕೆ, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರು.

ಹತ್ತು ಶಿಬಿರಗಳಲ್ಲಿ ಒಂದಾದ ಮಾನ್ಜನಾರ್‌ಗೆ ನಾನು ಕುಟುಂಬದೊಂದಿಗೆ ಹೋಗಿದ್ದೇನೆ. ಸಿಯೆರಾ ಪರ್ವತದ ತಪ್ಪಲಿನ ಒಣ ಬಯಲಿನಲ್ಲಿ ಈಗ ಕಾವಲುಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಮತ್ತೆ ಕಟ್ಟಿ ಇಟ್ಟಿದ್ದಾರೆ. ಒಳಗೆ, ಅಲ್ಲಿ ಇರಿಸಲಾಗಿದ್ದ 10,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಎತ್ತರದ ಪರದೆಯ ಮೇಲೆ ಬರೆದಿದ್ದಾರೆ. ಪ್ರತಿಯೊಂದೂ ಬೇರೆ ಹೆಸರು. ಆ ಪರದೆಯ ಮುಂದೆ ನಿಂತಾಗ ನನಗೆ ಈ ಚಿತ್ರದ ಒಂದೇ ಅಚ್ಚಿನ ಮುಖಗಳು ನೆನಪಾದವು. ದಿನನಿತ್ಯದ ಒತ್ತಡ, ಪರ್ಲ್ ಹಾರ್ಬರ್ ಮೇಲಿನ ಜಪಾನೀ ದಾಳಿಯ ನಂತರದ ಭೀತಿ ಎಂಬ ಕಾರಣಗಳನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಬಗ್ಗೆ ಬರೆದಾಗ ಅವರು ಹಿಟ್ಲರನನ್ನು ಬರೆದರು, ಅವನ ಪ್ರಚಾರಮಂತ್ರಿ ಗೋಬೆಲ್ಸ್‌ನನ್ನು ಬರೆದರು, ಹೆಸರಿರುವ ವ್ಯಕ್ತಿಗಳನ್ನು ಬರೆದರು. ಸ್ಪ್ರಿಂಗ್‌ಫೀಲ್ಡಿನ ಜರ್ಮನ್ ಕುಟುಂಬಗಳೆಲ್ಲ ಸ್ಫೋಟಕಕ್ಕಾಗಿ ಸಾಲು ನಿಂತಿವೆ ಎಂದು ಅವರು ಎಂದೂ ಬರೆಯಲಿಲ್ಲ. ಹಾಗೆ ಬರೆದರೆ ಅದು ಸುಳ್ಳು ಎಂದು ತಮ್ಮ ಬಾಲ್ಯದಿಂದಲೇ ಅವರಿಗೆ ಗೊತ್ತಿತ್ತು.

ಶಾಲಾ ಶಿಕ್ಷಕಿ

ಸಾನ್ ಹೋಸೆಯಿಂದ ಬರೆದವರ ಮಾತನ್ನು ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳುತ್ತೇನೆ. 1953ರಲ್ಲಿ ಗೈಸೆಲ್ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನು ಕಂಡುಬಂದರು. ಮರುವರ್ಷ ಹಾರ್ಟನ್ ಎಂಬ ಆನೆಯ ಎರಡನೆಯ ಪುಸ್ತಕ ಬಂತು. ಧೂಳಿನ ಕಣದಷ್ಟು ಚಿಕ್ಕ ಲೋಕದಲ್ಲಿರುವವರೂ ಮನುಷ್ಯರೇ ಎಂದು ಆನೆಯೊಂದು ಇಡೀ ಕಾಡಿನ ವಿರುದ್ಧ ಹಟಹಿಡಿಯುವ ಕಥೆ ಅದು. ಪುಸ್ತಕವನ್ನು ಅವರು ಅರ್ಪಿಸಿದ್ದು ಕ್ಯೋಟೋದ ಒಬ್ಬ ಜಪಾನೀ ಸ್ನೇಹಿತರಿಗೆ. ಇದನ್ನು ಪ್ರಾಯಶ್ಚಿತ್ತ ಎಂದು ತಿಳಿಯಬಾರದೆ? ನಾನು ಆ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುವಾಗ ಅವರು ಆನೆಯ ಪರವಾಗಿ ಕೂಗುತ್ತಾರೆ. ಆ ಕೂಗಿನಲ್ಲಿ ಬರೆದವರ ಮನಸ್ಸೂ ಇದೆ ಎಂದು ನನಗೆ ಅನ್ನಿಸುತ್ತದೆ.

ಸಾನ್ ಹೋಸೆ ಕನ್ನಡಿಗ

ಮೇಡಂ, ಪುಸ್ತಕ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಪಣೆ ಸಲ್ಲುವುದು ಕ್ಯೋಟೋದವರಿಗೆ, ಅಂದರೆ ಜಪಾನಿನಲ್ಲಿರುವ ಜಪಾನಿಯರಿಗೆ. ಶಿಬಿರಕ್ಕೆ ಹೋದವರು ಸಿಯಾಟಲ್, ಸ್ಯಾಕ್ರಮೆಂಟೊ, ಲಾಸ್ ಏಂಜಲಿಸ್‌ನ ಜನ; ಗೈಸೆಲ್ ಅವರದ್ದೇ ದೇಶದವರು, ಬಹುಶಃ ಅವರದ್ದೇ ಓದುಗರು. ಇವರಿಬ್ಬರನ್ನು ಒಂದೇ ಎಂದು ತಿಳಿದದ್ದೇ 1942ರ ಚಿತ್ರದ ತಪ್ಪು. 1988ರಲ್ಲಿ ಅಮೆರಿಕ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಗೈಸೆಲ್ ಆಗ ಜೀವಂತರಿದ್ದರು.

ಹಳೆಯ ಪತ್ರಿಕೆಗಳ ಓದುಗ

ಇಬ್ಬರ ಮಾತಿಗೂ ಒಂದು ಸಂಗತಿ ಸೇರಿಸಬೇಕು. ಅದೇ 1942ರ ಜೂನ್ 11ರಂದು ಗೈಸೆಲ್ ಬರೆದ ಚಿತ್ರದಲ್ಲಿ ಅಮೆರಿಕದ ಸಂಕೇತವಾದ ಅಂಕಲ್ ಸ್ಯಾಮ್ ಫ್ಲಿಟ್ ಪಂಪಿನಂಥ ಸಾಧನವನ್ನು ಒಬ್ಬನ ಕಿವಿಗೆ ಇಟ್ಟು ಊದುತ್ತಿದ್ದಾನೆ, ಇನ್ನೊಂದು ಕಿವಿಯಿಂದ ಜನಾಂಗದ್ವೇಷದ ಹುಳ ಹಾರಿಹೋಗುತ್ತಿದೆ, ಹಿಂದೆ ಜನ ಸರದಿಯಲ್ಲಿ ನಿಂತಿದ್ದಾರೆ. ಕರಿಯರಿಗೆ ಯುದ್ಧಸಾಮಗ್ರಿ ಕಾರ್ಖಾನೆಗಳಲ್ಲಿ ಕೆಲಸ ನಿರಾಕರಿಸುವುದರ ವಿರುದ್ಧ, ಯಹೂದಿ ದ್ವೇಷದ ವಿರುದ್ಧ ಅವರು ಪದೇ ಪದೇ ಬರೆದರು. ಬಿಳಿಯರ ಪತ್ರಿಕೆಗಳಲ್ಲಿ ಆಗ ಅದು ಅಪರೂಪ. ಫೆಬ್ರವರಿಯ ಸಾಲಿಗೂ ಜೂನ್ ತಿಂಗಳ ಸರದಿಗೂ ನಡುವೆ ನಾಲ್ಕೇ ತಿಂಗಳು. ಸಾಧಾರಣ ಜನಾಂಗದ್ವೇಷಿಯೊಬ್ಬ ಫೆಬ್ರವರಿಯ ಚಿತ್ರ ಬರೆದಿದ್ದರೆ ನಾವು ಅದನ್ನು ಇಷ್ಟು ಚರ್ಚಿಸಬೇಕಾಗಿರಲಿಲ್ಲ. ಹುಳವನ್ನು ಅಷ್ಟು ಸ್ಪಷ್ಟವಾಗಿ ಕಂಡವರಿಗೆ ತಮ್ಮ ಕಿವಿಯೊಳಗಿನ ಹುಳ ಕಾಣಲಿಲ್ಲವೆಂಬುದೇ ನನ್ನನ್ನು ಕಾಡುತ್ತದೆ. ಶಿಕ್ಷಕಿಯವರ ಪ್ರಶ್ನೆಗೆ ಹೇಳುವುದಾದರೆ, ತಮ್ಮ ಮೊದಲ ಪುಸ್ತಕದಲ್ಲಿದ್ದ ಚೀನೀ ವ್ಯಕ್ತಿಯ ಚಿತ್ರವನ್ನೂ ಪದವನ್ನೂ ಅವರು 1978ರ ಮುದ್ರಣಕ್ಕಾಗಿ ಬದಲಾಯಿಸಿದ್ದರು. ಮನಸ್ಸು ಬದಲಾಗಿತ್ತು ಎಂಬುದಕ್ಕೆ ಪುರಾವೆಯಿದೆ. ಆದರೆ ಅದು ಕ್ಷಮಾಯಾಚನೆಗೆ ಬದಲಿಯಲ್ಲ.

ಜಪಾನೀ ಚಿತ್ರಕಥೆಗಳ ಆಸಕ್ತ

ಸಮುದ್ರದ ಆಚೆ ದಡದಲ್ಲೂ ಇಂಥದ್ದೇ ಒಂದು ಬದುಕು ನಡೆದಿತ್ತು, ಅದನ್ನು ಇಲ್ಲಿ ದಾಖಲಿಸುವುದು ಸೂಕ್ತ. ಯೊಕೊಯಾಮಾ ರ್‍ಯುಇಚಿ 1909ರಲ್ಲಿ ಜಪಾನಿನ ಕೋಚಿಯಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ. 1936ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದ ಚಿತ್ರಪಟ್ಟಿಕೆಯಲ್ಲಿ ಫುಕು-ಚಾನ್ ಎಂಬ ಪುಟ್ಟ ಹುಡುಗ ಪೋಷಕ ಪಾತ್ರವಾಗಿ ಕಾಣಿಸಿಕೊಂಡ. ಓದುಗರು ಅವನನ್ನೇ ಮೆಚ್ಚಿದ್ದರಿಂದ ಅವನೇ ನಾಯಕನಾದ. 1944ರಲ್ಲಿ ಆ ಮಗುವನ್ನು ಜಪಾನಿನ ಜಲಾಂತರ್ಗಾಮಿಯೊಂದಕ್ಕೆ ಹತ್ತಿಸಿ ನೌಕಾಪಡೆಯ ಬೆಂಬಲದೊಂದಿಗೆ ಒಂದು ಅನಿಮೇಷನ್ ಚಿತ್ರ ತಯಾರಾಯಿತು. ಮಗು ಶತ್ರುವಿನ ಹಡಗನ್ನು ಮುಳುಗಿಸುವವರ ಜೊತೆ ನಲಿಯುತ್ತದೆ. ಆ ವೇಳೆಗೆ ಜಪಾನಿನ ನಿಜವಾದ ನೌಕಾಪಡೆ ಸೋಲಿನ ಅಂಚಿನಲ್ಲಿತ್ತು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವಿದೆ. ಗೈಸೆಲ್ ಅವರ ತಂಡ ಸೇನೆಗಾಗಿ ಹೊಸದೊಂದು ಪೆದ್ದನನ್ನು ರೂಪಿಸಿತು, ಅವನು ಯುದ್ಧದೊಂದಿಗೇ ಮುಗಿದುಹೋದ. ಯೊಕೊಯಾಮಾ ಅವರು ಓದುಗರ ಮನೆಮನೆಯ ಮಗುವಾಗಿದ್ದ ಪಾತ್ರವನ್ನೇ ಯುದ್ಧಕ್ಕೆ ಕೊಟ್ಟರು. ಆದರೂ ಯುದ್ಧದ ನಂತರ ಫುಕು-ಚಾನ್ ಪತ್ರಿಕೆಗೆ ಮರಳಿ 1971ರವರೆಗೆ ನಡೆದ. ಯೊಕೊಯಾಮಾ 1950ರ ದಶಕದಲ್ಲಿ ಸ್ವಂತ ಅನಿಮೇಷನ್ ಸಂಸ್ಥೆ ಕಟ್ಟಿದರು. ಜಪಾನಿನ ಆರಂಭಿಕ ದೂರದರ್ಶನ ಅನಿಮೇಷನ್ ಧಾರಾವಾಹಿಗಳಲ್ಲಿ ಒಂದು ಅಲ್ಲಿಂದಲೇ ಬಂತು.

ಗೆರೆ ಮತ್ತು ಮಸಿ

ಚಿಕ್ಕದೊಂದು ಸೇರ್ಪಡೆ. ಇದೇ ದಾರಿಯನ್ನು ಎದುರುಬದಿಯಿಂದ ನಡೆದವರು ವಾಲ್ಟ್ ಕೆಲಿ. ಅವರು 1936ರಿಂದ 1941ರವರೆಗೆ ಡಿಸ್ನಿಯಲ್ಲಿ ಅನಿಮೇಟರ್ ಆಗಿದ್ದರು, ಯುದ್ಧಕಾಲದಲ್ಲಿ ಸೇನೆಯ ಭಾಷಾ ಕೈಪಿಡಿಗಳಿಗೆ ಚಿತ್ರ ಬರೆದರು, ಆಮೇಲೆ ಪತ್ರಿಕೆಗೆ ಬಂದರು. ‘ಪಿಎಂ’ 1948ರಲ್ಲಿ ನಿಂತಾಗ ಅದರ ಜಾಗದಲ್ಲಿ ಬಂದ ‘ನ್ಯೂಯಾರ್ಕ್ ಸ್ಟಾರ್’ನಲ್ಲೇ ಪ್ರಾಣಿಗಳೇ ಪಾತ್ರಗಳಾದ ಅವರ ‘ಪೋಗೋ’ ದೈನಿಕ ಚಿತ್ರಪಟ್ಟಿಕೆ ಆರಂಭವಾಯಿತು. ಗೈಸೆಲ್ ಬಿಟ್ಟುಹೋದ ಪತ್ರಿಕೆಯ ವಾರಸುದಾರ ಪತ್ರಿಕೆಗೆ ಅನಿಮೇಷನ್ ಬಿಟ್ಟು ಬಂದ ಇನ್ನೊಬ್ಬರು ಸೇರಿದಂತಾಯಿತು. ಕೆಲಿಯವರ ಗೆರೆಯಲ್ಲಿ ಕುಂಚದ ಹರಿವಿದೆ. ಆ ಪ್ರಾಣಿಗಳು ಮುಂದಿನ ಚೌಕಟ್ಟಿಗೆ ಹೆಜ್ಜೆ ಇಡುವಂತೆಯೇ ನಿಂತಿರುತ್ತವೆ.

ಅನಿಮೇಷನ್ ಪಾಠದ ಮೇಷ್ಟ್ರು

ಯೊಕೊಯಾಮಾ ಅವರ ವಿಷಯ ತಂದದ್ದಕ್ಕೆ ಧನ್ಯವಾದ. ಗೈಸೆಲ್ ಅವರ ಸೇನಾಕಾಲದ ಉತ್ತರಾರ್ಧದ ಬಗ್ಗೆಯೂ ಬರೆಯಬೇಕು, ಏಕೆಂದರೆ ಅದು ಸಾನ್ ಹೋಸೆಯವರ ವಾದಕ್ಕೆ ಸಂಬಂಧಿಸಿದೆ.

ಸ್ನಾಫು ನಗಿಸಿ ಕಲಿಸಿದರೆ, 1945ರಲ್ಲಿ ಸೋತ ಜರ್ಮನಿಯಲ್ಲಿ ನೆಲೆಸಲಿದ್ದ ಪಡೆಗಳಿಗಾಗಿ ಗೈಸೆಲ್ ಬರೆದ ಚಿತ್ರದಲ್ಲಿ ನಗುವೇ ಇಲ್ಲ. ಜರ್ಮನ್ನರನ್ನು ನಂಬಬೇಡಿ, ಅವರೊಂದಿಗೆ ಸ್ನೇಹ ಬೆಳೆಸಬೇಡಿ, ಕೈಕುಲುಕಬೇಡಿ ಎಂಬುದು ಅದರ ಆದೇಶ. ಸೇನೆಯ ನೀತಿ ಅದಾಗಿತ್ತು, ಬರೆಯುವ ಕೆಲಸ ಇವರದ್ದಾಗಿತ್ತು. ಈ ಚಿತ್ರವನ್ನು ಸೇನಾಧಿಕಾರಿಗಳಿಗೆ ತೋರಿಸಲು 1944ರ ಕೊನೆಯಲ್ಲಿ ಯುರೋಪಿಗೆ ಹೋದಾಗಲೇ ಅವರು ಜರ್ಮನ್ ಸೇನೆ ಹಠಾತ್ತನೆ ತಿರುಗಿಬಿದ್ದ ಬಲ್ಜ್ ಕದನದ ನಡುವೆ ಸಿಲುಕಿಕೊಂಡರು. ಅಂದರೆ ಜರ್ಮನ್ನರೆಲ್ಲರೂ ಒಂದೇ ಎಂದು ಅವರು ಎಂದೂ ಬರೆಯಲಿಲ್ಲ ಎಂಬುದು ‘ಪಿಎಂ’ ಕಾಲಕ್ಕೆ ಮಾತ್ರ ಸಲ್ಲುವ ಮಾತು. 1945ರ ಹೊತ್ತಿಗೆ ತಮ್ಮ ಅಜ್ಜಂದಿರ ನಾಡಿನ ಬಗ್ಗೆಯೂ ಅವರು ಅದೇ ಭಾಷೆಯಲ್ಲಿ ಬರೆದರು.

ಜಪಾನಿಗಾಗಿ ಬರೆದ ಚಿತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಅಪರಾಧಿ ಜನರಲ್ಲ, ಜನರ ತಲೆಗೆ ಸುಳ್ಳು ತುಂಬಿದ ಯುದ್ಧಕೋರರು. ಮರುರೂಪಿಸಿದರೆ ಒಳ್ಳೆಯವರಾಗಬಲ್ಲರು ಎಂಬ ಧಾಟಿಯ ಆ ಚಿತ್ರ, ಸೋತ ಜಪಾನಿನ ಆಡಳಿತ ವಹಿಸಿದ್ದ ಜನರಲ್ ಮೆಕಾರ್ಥರ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಗೈಸೆಲ್ ಮತ್ತು ಪತ್ನಿ ಹೆಲನ್ ಅದೇ ವಸ್ತುವನ್ನು ಬೆಳೆಸಿ 1947ರಲ್ಲಿ ಬರೆದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಎಲ್ಲರದ್ದೂ ಒಂದೇ ಮುಖ ಎಂದು ಬರೆದಿದ್ದ ಕೈ ಮೂರು ವರ್ಷದಲ್ಲಿ ಆಳುವವರನ್ನೂ ಆಳಿಸಿಕೊಂಡವರನ್ನೂ ಬೇರೆ ಮಾಡಿ ನೋಡಲು ಕಲಿತಿತ್ತು. ಜಪಾನ್ ಪ್ರವಾಸಕ್ಕಿಂತ ಎಷ್ಟೋ ಮೊದಲೇ, ಸೇನೆಯೊಳಗೇ, ಈ ಬದಲಾವಣೆ ಶುರುವಾಗಿತ್ತು ಎಂಬುದು ನನ್ನ ತೀರ್ಮಾನ.

ಸೇನೆಯ ಸ್ನೇಹಗಳು ಮುಂದೆಯೂ ಕೈಬಿಡಲಿಲ್ಲ. ಯುದ್ಧಕಾಲದಲ್ಲಿ ಹುಟ್ಟಿದ ಯುಪಿಎ ಎಂಬ ಅನಿಮೇಷನ್ ಸಂಸ್ಥೆಗಾಗಿ ಅವರು ಬರೆದ, ಮಾತಿನ ಬದಲು ಸದ್ದುಗಳನ್ನೇ ಹೊರಡಿಸುವ ಹುಡುಗನ ಕಥೆ 1950ರಲ್ಲಿ ಚಿತ್ರವಾಗಿ ಆಸ್ಕರ್ ಗೆದ್ದಿತು. ಈಸ್ಟ್‌ಮನ್ ಅವರು ಗೈಸೆಲ್ ನಡೆಸಿದ ಮಕ್ಕಳ ಪುಸ್ತಕಮಾಲೆಯ ಮುಖ್ಯ ಲೇಖಕರಾದರು. ಚಕ್ ಜೋನ್ಸ್ 1966ರಲ್ಲಿ ಗೈಸೆಲ್ ಅವರ ಗ್ರಿಂಚ್ ಕಥೆಯನ್ನು ದೂರದರ್ಶನಕ್ಕೆ ತಂದರು.

ಸಾನ್ ಹೋಸೆ ಕನ್ನಡಿಗ

ಮೇಷ್ಟ್ರೇ, ಜಪಾನಿನ ಕುರಿತ ನಿಮ್ಮ ವಾದಕ್ಕೆ ಬೆಲೆಯಿದೆ. ಆದರೆ ಆ ಚಿತ್ರದಲ್ಲೂ ಜಪಾನಿನಲ್ಲಿರುವ ಜಪಾನಿಯರ ಬಗ್ಗೆಯೇ ಮಾತು. ಕ್ಯಾಲಿಫೋರ್ನಿಯಾದವರಿಗೆ ಸಲ್ಲಬೇಕಾದ ಚಿತ್ರ ಬರಲಿಲ್ಲ.

ಹಳೆಯ ಪತ್ರಿಕೆಗಳ ಓದುಗ

ನೋಡಲು ಬಯಸುವವರಿಗೆ: ಸ್ನಾಫು ಚಿತ್ರಗಳು ಸರ್ಕಾರಕ್ಕಾಗಿ ತಯಾರಾದವಾದ್ದರಿಂದ ಇಂದು ಮುಕ್ತವಾಗಿ ಸಿಗುತ್ತವೆ. ‘ಪಿಎಂ’ ವ್ಯಂಗ್ಯಚಿತ್ರಗಳನ್ನು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಗೈಸೆಲ್ ಅವರ ಹೆಸರನ್ನೇ ಹೊತ್ತ ತನ್ನ ಗ್ರಂಥಾಲಯದ ಮೂಲಕ, ದಿನಾಂಕವಾರು ಜೋಡಿಸಿ ಅಂತರ್ಜಾಲದಲ್ಲಿ ಇಟ್ಟಿದೆ. ಆಯ್ದ ಚಿತ್ರಗಳ ಸಂಕಲನಕ್ಕಿಂತ ಈ ಕ್ರಮದಲ್ಲೇ ನೋಡುವುದು ಒಳ್ಳೆಯದು. 1942ರ ಫೆಬ್ರವರಿಯಿಂದ ಜೂನ್‌ವರೆಗಿನ ಚಿತ್ರಗಳನ್ನು ಒಂದನ್ನೂ ಬಿಡದೆ ನೋಡಿ, ಆಮೇಲೆ ಗೂಢಚಾರರ ಚಿತ್ರವನ್ನು ನೋಡಿ. ಮೇಷ್ಟ್ರು ಮತ್ತು ಸಾನ್ ಹೋಸೆಯವರ ನಡುವಿನ ಭಿನ್ನಾಭಿಪ್ರಾಯದಲ್ಲಿ ನೀವು ಯಾರ ಕಡೆ ನಿಲ್ಲುತ್ತೀರೆಂದು ಬರೆಯಿರಿ.